ಅಳಿಯನ ವಿಗ್ಗು

ಸೆಪ್ಟೆಂಬರ್ 4, ಗುರುವಾರ

ಮೂವತ್ತು ವರ್ಷ ಡ್ರೈವಿಂಗ್ ಕಲಿಸಿದ ಗಂಟಲಿಗೆ ಇವತ್ತಿನಿಂದ ಬೀಗ. ನಿನ್ನೆ ಧ್ವನಿಪೆಟ್ಟಿಗೆಯಿಂದ ಒಂದು ಗಂಟು ತೆಗೆದರು. ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ಬೆರಳೆತ್ತಿ ಹೇಳಿದಳು: "ಎರಡು ವಾರ ಒಂದು ಮಾತೂ ಆಡಬಾರದು. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು. ಕೆಮ್ಮು ಬಂದ್ರೆ ಮೆಲ್ಲಗೆ ಕೆಮ್ಮಿ." ಮೆಲ್ಲಗೆ ಕೆಮ್ಮುವುದು ಹೇಗೆ ಎಂದು ಕೇಳಬೇಕೆನಿಸಿತು. ಕೇಳುವಂತಿರಲಿಲ್ಲ.

ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಿದ್ದಾರೆ. ಯಾವುದರ ಪರೀಕ್ಷೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಬಾಯಿ ಇರುವವರೂ.

ಮಗಳು ಬ್ಯಾಂಕಿನ ತರಬೇತಿಗೆಂದು ಸಂಜೆಯ ರೈಲಿಗೆ ಹೋದಳು. ಬರುವುದು ಮುಂದಿನ ತಿಂಗಳು. ಹೋಗುವಾಗ ಕೈಗೊಂದು ಸ್ಲೇಟು, ಬಳಪ ಕೊಟ್ಟಳು. "ಏನು ಬೇಕಾದ್ರೂ ಇದ್ರಲ್ಲಿ ಬರೆದು ತೋರಿಸಪ್ಪ. ಇವರು ನೋಡ್ಕೋತಾರೆ." ಇವರು ಎಂದರೆ ಅವಳ ಗಂಡ, ನನ್ನ ಅಳಿಯ. ಬಾಡಿಗೆ ಮನೆಯ ಸೂರು ಸೋರುತ್ತದೆಂದು ಎರಡು ತಿಂಗಳ ಮಟ್ಟಿಗೆ ನಮ್ಮ ಮನೆಗೆ ಬಂದವನು ಸೋರಿಕೆ ನಿಂತು ಮೂರು ವರ್ಷವಾದರೂ ಇಲ್ಲೇ ಇದ್ದಾನೆ. ನನ್ನನ್ನು ನೋಡಿಕೊಳ್ಳಲು ಕಚೇರಿಗೆ ಹತ್ತು ದಿನ ರಜೆ ಹಾಕಿದ್ದಾನಂತೆ. ಅವನಿಲ್ಲದೆ ಆ ಕಚೇರಿ ಹೇಗೆ ನಡೆಯುತ್ತದೋ. ಇನ್ನೂ ಚೆನ್ನಾಗಿ ನಡೆಯುತ್ತಿರಬೇಕು.

ಸ್ಲೇಟಿನಲ್ಲಿ ಬರೆದರೆ ಅವನು ಓದುತ್ತಾನೆ, ಓದಿ ಉತ್ತರ ಕೊಡುತ್ತಾನೆ. ನನಗೆ ಅವನ ಉತ್ತರ ಬೇಕಿಲ್ಲ. ಅದಕ್ಕೇ ಈ ಡೈರಿ. ಆಡಲಾಗದ ಮಾತು ಹೊಟ್ಟೆಯಲ್ಲಿ ಕೊಳೆಯಬಾರದಲ್ಲ.

ರಾತ್ರಿ ಊಟಕ್ಕೆ ಸೂಪು. ಅವನು ಅದನ್ನು ಸೂಪು ಎನ್ನುತ್ತಾನೆ. ತರಕಾರಿ ಸ್ನಾನ ಮಾಡಿ ಹೋದ ನೀರು ಅದು.

ಸೆಪ್ಟೆಂಬರ್ 6, ಶನಿವಾರ

ಬೆಳಿಗ್ಗೆ ಒಂದು ಪಾರ್ಸೆಲ್ ಬಂತು. ಅಳಿಯ ಊಟದ ಮೇಜಿನ ಮೇಲಿಟ್ಟು, ಹೆರಿಗೆ ಮಾಡಿಸುವ ಸೂಲಗಿತ್ತಿಯ ಹಾಗೆ ಮೆತ್ತಗೆ ಬಿಚ್ಚಿದ. ಒಳಗಿನಿಂದ ಹೊರಬಂದದ್ದು ಒಂದು ರಾಶಿ ಬಿಳಿ ಕೂದಲು. ಪ್ಲಾಸ್ಟಿಕ್ ಕೂದಲು. ವಿಗ್ಗು. ಅದರ ಹಿಂದೆಯೇ ಅಟ್ಟದ ಮೇಲಿಂದ ಒಂದು ಥರ್ಮೋಕೋಲ್ ತಲೆ ಇಳಿಯಿತು. ಕಣ್ಣು, ಮೂಗು, ತುಟಿ ಎಲ್ಲ ಇವೆ, ಕಿವಿ ಮಾತ್ರ ಇಲ್ಲ. ಅದಕ್ಕೆ ವಿಗ್ಗು ತೊಡಿಸಿ, ಗುಂಡುಪಿನ್ನು ಚುಚ್ಚಿ, ಮೇಜಿನ ಅಂಚಿಗೆ ಬಿಗಿದ. ಈಗ ನಾನು ಊಟಕ್ಕೆ ಕುಳಿತರೆ ಎದುರಿಗೆ ಒಂದು ರುಂಡ ನನ್ನನ್ನೇ ನೋಡುತ್ತಿರುತ್ತದೆ.

ಇದಕ್ಕೆ ಕಾಸ್‌ಪ್ಲೇ ಎನ್ನುತ್ತಾರಂತೆ. ಕಂಪ್ಯೂಟರ್ ಆಟದೊಳಗಿನ ಒಬ್ಬ ಸೇನಾಪತಿಯ ಹಾಗೆ ಬಟ್ಟೆ ಹಾಕಿ, ಕೂದಲಿಟ್ಟು, ಸಭಾಂಗಣದ ವೇದಿಕೆಯ ಮೇಲೆ ನಡೆಯುವುದಂತೆ. ಇಪ್ಪತ್ತೊಂದಕ್ಕೆ ಸ್ಪರ್ಧೆಯಂತೆ. ನಮ್ಮ ಕಾಲದಲ್ಲಿ ಇದಕ್ಕೆ ವೇಷ ಎನ್ನುತ್ತಿದ್ದರು, ಹೊಟ್ಟೆಪಾಡಿಗೆ ಹಾಕುತ್ತಿದ್ದರು. ಇವನು ಸ್ವಂತ ಖರ್ಚಿನಲ್ಲಿ ಹಾಕುತ್ತಾನೆ.

ಚಿತ್ರ ತೋರಿಸಿದ. ಆ ಸೇನಾಪತಿ ಬೆಟ್ಟದ ತುದಿಯಲ್ಲಿ ನಿಂತಿದ್ದಾನೆ, ಕೂದಲು ಸಮುದ್ರದ ಅಲೆಯಂತೆ ಹಣೆಯಿಂದ ಎದ್ದು ಹಿಂದಕ್ಕೆ ಮಗುಚಿದೆ. ನಮ್ಮವನು ಮೂವತ್ತನಾಲ್ಕರ ಗುಮಾಸ್ತ, ಹೊಟ್ಟೆ ಬೆಲ್ಟಿನ ಮೇಲೆ ಕುಳಿತಿದೆ, ಜಿರಲೆ ಕಂಡರೆ ನನ್ನ ಮಗಳನ್ನು ಕರೆಯುತ್ತಾನೆ. ಇವನು ಸೇನಾಪತಿಯಾದರೆ ಆ ಸೈನ್ಯ ಮಧ್ಯಾಹ್ನದ ಊಟದ ಹೊತ್ತಿಗೆ ಶರಣಾಗುತ್ತದೆ.

"ಹೇಗಿದೆ ಮಾವ?" ಅಂದ. ಸ್ಲೇಟಿನ ಮೇಲೆ ಬರೆದೆ: ಉಪ್ಪು ಕಡಿಮೆ. ಸೂಪಿನ ಬಗ್ಗೆ ಎಂದುಕೊಂಡು ಉಪ್ಪು ತಂದ.

ಸೆಪ್ಟೆಂಬರ್ 7, ಭಾನುವಾರ

ಮೂರು ಗಂಟೆ ಕಾಲ ಬಾಚಿದ. ತುದಿಯಿಂದ ಬುಡಕ್ಕೆ, ಒಂದೊಂದೇ ಎಳೆ. ಸ್ವಂತ ತಲೆ ಬಾಚಿಕೊಳ್ಳಲು ಅವನಿಗೆ ಅರ್ಧ ನಿಮಿಷ ಸಾಕು, ಅಲ್ಲಿ ಬಾಚಲು ಹೆಚ್ಚೇನೂ ಉಳಿದಿಲ್ಲ ಬಿಡಿ. ನನ್ನ ಚಹಾದಲ್ಲಿ ಎರಡು ಬಿಳಿ ಎಳೆ ಸಿಕ್ಕವು. ತೆಗೆದು ತಟ್ಟೆಯ ಅಂಚಿಗೆ ಅಂಟಿಸಿ ಅವನ ಮುಂದೆ ಇಟ್ಟೆ. "ಅಯ್ಯೋ ಸಾರಿ ಮಾವ" ಎಂದು ಎಳೆಗಳನ್ನು ಎತ್ತಿ ಜೋಪಾನವಾಗಿ ಒಂದು ಕವರಿಗೆ ಹಾಕಿಕೊಂಡ. ಚಹಾ ಬೇರೆ ಮಾಡಿಕೊಡಬೇಕೆಂದು ಹೊಳೆಯಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಗಾದೆ. ಇವನಿಗೆ ಜುಟ್ಟೂ ಇಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಇವತ್ತಿನಿಂದ ಅಲೆ ಎಬ್ಬಿಸುವ ಕೆಲಸ. ಕೂದಲನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ ಕ್ಲಿಪ್ಪು ಹಾಕುತ್ತಾನೆ. ಒಂದು ಪಟ್ಟಿ ಎತ್ತಿ ಹಿಡಿದು, ಸ್ಪ್ರೇ ಹೊಡೆದು, ಡ್ರೈಯರಿನಿಂದ ಬಿಸಿಗಾಳಿ ಊದುತ್ತಾನೆ. ಕೈಬಿಟ್ಟ ಕೂಡಲೇ ಅದು ಸುಸ್ತಾದ ಎಮ್ಮೆಯ ಬಾಲದಂತೆ ಜೋತುಬೀಳುತ್ತದೆ. ಮತ್ತೆ ಸ್ಪ್ರೇ, ಮತ್ತೆ ಊದು, ಮತ್ತೆ ಬಾಲ. ಮನೆಯೆಲ್ಲ ಕ್ಷೌರದಂಗಡಿಯ ವಾಸನೆ. ನಾನು ಕೆಮ್ಮುವಂತಿಲ್ಲ ಎಂಬುದು ಅವನಿಗೆ ನೆನಪಾದದ್ದು ಅರ್ಧ ಡಬ್ಬ ಖಾಲಿಯಾದ ಮೇಲೆ. ಆಗ ಓಡಿಹೋಗಿ ಕಿಟಕಿಗಳನ್ನೆಲ್ಲ ತೆರೆದ, ನನ್ನ ಕುರ್ಚಿಯನ್ನು ನನ್ನ ಸಮೇತ ಬಾಗಿಲ ಬಳಿಗೆ ಎಳೆದ. ಎಳೆಯುವ ಮೊದಲು ಹೇಳಬೇಕು ಎಂಬ ಜ್ಞಾನವಿಲ್ಲ.

ಸಂಜೆ ಹೊತ್ತಿಗೆ ರುಂಡದ ತಲೆ ಮಳೆಗೆ ಸಿಕ್ಕ ಕೋಳಿಯ ಹಾಗಿತ್ತು. ಅವನು ಅದರ ಎದುರು ಕೂತು ಗಲ್ಲಕ್ಕೆ ಕೈ ಕೊಟ್ಟುಕೊಂಡಿದ್ದ. ಕೆಲಸ ಗೊತ್ತಿಲ್ಲದವನ ಲಕ್ಷಣ ಇದೇ. ನನ್ನ ಗಾಡಿಯಲ್ಲಿ ಹೀಗೆ ಕೂತಿದ್ದರೆ ತಲೆ ಮೇಲೆ ಕುಟ್ಟುತ್ತಿದ್ದೆ.

ಸೆಪ್ಟೆಂಬರ್ 10, ಬುಧವಾರ

ಏನೂ ಇಲ್ಲ. ಸೂಪು. ಬಾಲ. ಆಸ್ಪತ್ರೆಯಿಂದ ಸುದ್ದಿ ಇಲ್ಲ.

ಸೆಪ್ಟೆಂಬರ್ 11, ಗುರುವಾರ

ಇವತ್ತು ತಡೆಯಲಾಗಲಿಲ್ಲ. ಎರಡು ದಿನದಿಂದ ಅದೇ ತಪ್ಪು. ಬಿಸಿ ಇರುವಾಗಲೇ ಕೈ ಬಿಡುತ್ತಾನೆ. ಕ್ಲಚ್ಚಿನಿಂದ ದಡಕ್ಕನೆ ಕಾಲು ತೆಗೆದು, ಗಾಡಿ ಏಕೆ ನಿಂತಿತು ಎಂದು ನನ್ನ ಮುಖ ನೋಡುವವರನ್ನು ಎಷ್ಟು ಕಂಡಿಲ್ಲ ನಾನು. ಚಮಚ ತೆಗೆದುಕೊಂಡು ಮೇಜಿನ ಮೇಲೆ ಕುಟ್ಟಿದೆ. ಅವನು ಬೆಚ್ಚಿ ಡ್ರೈಯರ್ ಕೆಳಗೆ ಹಾಕಿದ.

ಸ್ಲೇಟಿನಲ್ಲಿ ಬರೆದೆ: ಆರುವ ತನಕ ಬಿಡಬೇಡ.

"ಹಾಗಂದ್ರೆ ಒಂದೊಂದು ಪಟ್ಟಿಗೂ ತುಂಬ ಹೊತ್ತು ಹಿಡ್ಕೊಂಡಿರಬೇಕಾಗುತ್ತೆ ಮಾವ. ಒಂದು ಕೈಲಿ ಡ್ರೈಯರ್, ಒಂದು ಕೈಲಿ ಬಾಚಣಿಗೆ. ಹಿಡ್ಕೊಳ್ಳೋಕೆ ಮೂರನೇ ಕೈ ಎಲ್ಲಿ?"

ಕೈಲಾಗದವನಿಗೆ ಕಾರಣ ನೂರು. ಎದ್ದು ಹೋಗಿ ನಾನೇ ಹಿಡಿದೆ. ಸಹಾಯ ಮಾಡಬೇಕೆಂದಲ್ಲ. ಆ ಡ್ರೈಯರಿನ ಸದ್ದು ಇನ್ನೂ ಒಂದು ವಾರ ಕೇಳುವುದಕ್ಕಿಂತ ಬೇಗ ಮುಗಿಯಲಿ ಎಂದು. ಅವನು ಊದಿದ, ನಾನು ಹಿಡಿದೆ, ಅವನು ಡ್ರೈಯರಿನ ತಣ್ಣನೆಯ ಗಾಳಿ ಬಿಟ್ಟ, ನಾನು ಹಿಡಿದೇ ಇದ್ದೆ. ಕೈ ತೆಗೆದರೆ ಪಟ್ಟಿ ನಿಂತಿತ್ತು. ಅಲುಗಾಡಲಿಲ್ಲ.

ಅವನ ಮುಖ ನೋಡಬೇಕಿತ್ತು. ತಾನೇ ನಿಲ್ಲಿಸಿದ ಹಾಗೆ ಹಿಗ್ಗಿದ್ದ. ಹದಿನಾಲ್ಕು ಪಟ್ಟಿ ಆಯಿತು. ಭುಜ ನೋಯುತ್ತಿದೆ. ನಾಳೆ ಕುರ್ಚಿಯನ್ನು ಇನ್ನೂ ಎತ್ತರ ಮಾಡಿಕೊಳ್ಳಬೇಕು.

ಸೆಪ್ಟೆಂಬರ್ 12, ಶುಕ್ರವಾರ

ಔಷಧಿ ಅಂಗಡಿಯವಳು ಬಂದಿದ್ದಳು. ನನ್ನ ಬಳಿ ನಾಲ್ಕು ತಿಂಗಳು ಡ್ರೈವಿಂಗ್ ಕಲಿತು ಟೆಸ್ಟಿನಲ್ಲಿ ಮೂರು ಸಲ ನಪಾಸಾದ ಮಹಾಶಯೆ. ನನಗೆ ಗಂಟಲು ಕೆಟ್ಟ ಮೇಲೆ ಈಗ ಟ್ಯಾಕ್ಸಿ ಓಡಿಸುವ ನನ್ನ ಹಳೇ ಶಿಷ್ಯ ನನ್ನ ಗಾಡಿಯಲ್ಲೇ ಪಾಠ ನಡೆಸುತ್ತಿದ್ದಾನೆ. ನಿನ್ನೆ ಪಾಸಾದಳಂತೆ. ಸಿಹಿ ತಂದಿದ್ದಳು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಈ ಸಲ ಪಕ್ಕದಲ್ಲಿ ಯಾರೂ ಕೂಗ್ಲಿಲ್ಲ. ಅದಕ್ಕೇ ಇರಬೇಕು, ಕಾಲು ನಡುಗ್ಲಿಲ್ಲ."

ಕುಣಿಯಲಾರದವಳಿಗೆ ನೆಲ ಡೊಂಕು. ನಾನು ಕೂಗದಿದ್ದರೆ ಅವಳು ನಾಲ್ಕು ತಿಂಗಳ ಹಿಂದೆಯೇ ಯಾರದೋ ಗೇಟು ಮುರಿದು ಒಳಗೆ ಹೋಗಿರುತ್ತಿದ್ದಳು. ಅವಳ ಸಿಹಿ ನುಂಗಲು ಗಂಟಲು ಒಪ್ಪಲಿಲ್ಲ. ಅಳಿಯ ತಿಂದ, ನಾಲ್ಕೂ.

ಅವಳು ಹೋಗುವ ಮುಂಚೆ ರುಂಡದ ಮುಂದೆ ನಿಂತು "ಎಷ್ಟು ಚೆನ್ನಾಗಿದೆ" ಅಂದಳು. ಮುಟ್ಟಲು ಬಂದವಳ ಕೈಯನ್ನು ಸ್ಲೇಟಿನಿಂದ ತಡೆದೆ. ಸ್ಪ್ರೇ ಇನ್ನೂ ಒಣಗಿರಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ನಾಳೆಯಿಂದ ಅಳಿಯನಿಗೆ ಕಚೇರಿ. ಅದಕ್ಕೇ ಇವತ್ತು ಇಡೀ ದಿನ ಕೆಲಸ. ಅಲೆಯ ಒಳಗೆ ಟೊಳ್ಳಾಗಿ ಕಾಣಬಾರದೆಂದು ಮೆತ್ತೆಯ ತುಂಡು ಕತ್ತರಿಸಿ ಇಡುವುದು, ಅದರ ಮೇಲೆ ಕೂದಲು ಹೊದಿಸಿ ಅಂಟಿಸುವುದು. ನಾನು ಹಿಡಿಯುತ್ತೇನೆ, ಅವನು ಮಾಡುತ್ತಾನೆ. ಕೈ ಕೆಲಸದಲ್ಲಿದ್ದಾಗ ಅವನ ಬಾಯಿಗೆ ಬಿಡುವು ಸಿಗುತ್ತದೆ. ಹೇಳುತ್ತಲೇ ಇರುತ್ತಾನೆ.

ಕಚೇರಿಯಲ್ಲಿ ನೀರಿನ ಬಿಲ್ಲು ಕಟ್ಟಿಸಿಕೊಳ್ಳುವುದು ಅವನ ಕೆಲಸ. ಗಾಜಿನ ಹಿಂದೆ ಕೂರುತ್ತಾನೆ, ಗಾಜಿಗೆ ಒಂದು ಕಿಂಡಿ. "ಜನ ಆ ಕಿಂಡಿ ಜೊತೆ ಮಾತಾಡ್ತಾರೆ ಮಾವ. ಬಯ್ಯೋದೂ ಕಿಂಡಿಗೇನೇ. ನನ್ನ ಮುಖ ಯಾರೂ ನೋಡಿಲ್ಲ. ಒಂದು ಸಲ ಹೋಟ್ಲಲ್ಲಿ, ದಿನಾ ಬರೋ ಒಬ್ಬರ ಪಕ್ಕದಲ್ಲೇ ಕೂತಿದ್ದೆ. ಗುರುತೇ ಸಿಗಲಿಲ್ಲ ಅವರಿಗೆ." ಹೋದ ವರ್ಷ ಇದೇ ಸ್ಪರ್ಧೆಗೆ ಯಾವುದೋ ಸಣ್ಣ ಸಿಪಾಯಿಯ ವೇಷ ಹಾಕಿದ್ದನಂತೆ. ಒಂದು ಮಗು ಬಂದು "ನೀವು ನಿಜವಾಗ್ಲೂ ಯುದ್ಧ ಗೆದ್ದಿದ್ದೀರಾ?" ಎಂದು ಕೇಳಿತಂತೆ.

"ಏನಂದೆ ಗೊತ್ತಾ ಮಾವ? ಒಂದೆರಡು ಅಂದೆ. ಜಾಸ್ತಿ ಹೇಳೋಕೆ ನಾಚಿಕೆ ಆಯ್ತು."

ನಗು ಬಂದುಬಿಟ್ಟಿತು. ನಗುವುದೂ ನಿಷಿದ್ಧ. ಟವೆಲ್ಲನ್ನು ಬಾಯಿಗೆ ತುರುಕಿಕೊಂಡೆ. ಸುಳ್ಳು ಹೇಳುವುದಕ್ಕೂ ಲೆಕ್ಕ ಇಡುವ ಗುಮಾಸ್ತ.

ಆಮೇಲೆ, ಅಂಟು ಒಣಗುವುದನ್ನು ಕಾಯುತ್ತ ಅಂದ: "ನಿಮ್ಮ ಜೊತೆ ಇಷ್ಟು ಮಾತಾಡಿದ್ದು ಇದೇ ಮೊದಲು. ಏನೂ ಅನ್ನಲ್ಲ ನೀವು ಅನ್ನೋ ಧೈರ್ಯ."

ಅನ್ನದೇ ಇರುವುದು ನನ್ನ ಗುಣವಲ್ಲ, ಡಾಕ್ಟರ ಅಪ್ಪಣೆ. ಇದನ್ನು ಸ್ಲೇಟಿನಲ್ಲಿ ಬರೆಯಲು ಹೋದೆ. ಬಳಪ ಎಲ್ಲೋ ಬಿದ್ದಿತ್ತು. ಹುಡುಕಲಿಲ್ಲ.

ಅಂಟಿನ ಬಾಟಲಿ, ಚಿಮಟ ಎಲ್ಲ ಮೇಜಿನ ಮೇಲೆಯೇ ಬಿಟ್ಟ. ಚಿಮಟ ಎಂದರೆ ಕರೆಂಟಿನಲ್ಲಿ ಕಾಯುವ ಇಸ್ತ್ರಿ ಚಿಮಟ, ಕೂದಲು ನೇರ ಮಾಡುವುದಕ್ಕೆ. "ಇದೊಂದನ್ನ ಮುಟ್ಟಬೇಡಿ ಮಾವ, ಬಿಸಿ ಸ್ವಲ್ಪ ಜಾಸ್ತಿಯಾದ್ರೂ ಕೂದಲು ಹೋಯ್ತು" ಎಂದ. ಮೂವತ್ತು ವರ್ಷ ಎಂಜಿನ್ ಬಿಚ್ಚಿದವನಿಗೆ ಉಪದೇಶ.

ಸೆಪ್ಟೆಂಬರ್ 16, ಮಂಗಳವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಮಧ್ಯಾಹ್ನ ಒಬ್ಬನೇ ಇದ್ದೆ. ಫೋನ್ ಬಂತು. ಆಸ್ಪತ್ರೆಯ ನಂಬರು. ಎತ್ತಿದೆ. ಒಬ್ಬ ಹುಡುಗಿಯ ದನಿ. "ಹಲೋ, ರಿಪೋರ್ಟ್ ಬಂದಿದೆ ಸರ್, ಡಾಕ್ಟರು ನಿಮ್ಮ ಜೊತೆ ಮಾತಾಡಬೇಕಂತೆ... ಹಲೋ? ಕೇಳಿಸ್ತಿದೆಯಾ?" ಫೋನಿನ ಮೇಲೆ ಉಗುರಿನಿಂದ ಕುಟ್ಟಿದೆ. "ಹಲೋ? ಲೈನ್ ಸರಿ ಇಲ್ಲ ಅನ್ಸುತ್ತೆ" ಎಂದು ಇಟ್ಟುಬಿಟ್ಟಳು. ಗಂಟಲಿನ ಆಸ್ಪತ್ರೆಯವರು ಗಂಟಲಿಲ್ಲದವನಿಗೆ ಫೋನ್ ಮಾಡಿ ಹಲೋ ಅನ್ನುತ್ತಾರೆ. ಇವರ ಕೈಗೆ ನಮ್ಮ ಜೀವ.

ಅಳಿಯನಿಗೆ ಒಂದು ಮೆಸೇಜು ಹಾಕಬಹುದಿತ್ತು. ಹಾಕಲಿಲ್ಲ. ಹಾಕಿದರೆ ಅವನು ವಿಚಾರಿಸುತ್ತಾನೆ. ವಿಚಾರಿಸಿದರೆ ಗೊತ್ತಾಗಿಬಿಡುತ್ತದೆ.

ಕೂತಲ್ಲಿ ಕೂರಲಾಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. ರುಂಡದ ಹಣೆಯ ಮೇಲೆ ಒಂದು ಪಟ್ಟಿ ಸ್ವಲ್ಪ ಸೊಟ್ಟಗಿತ್ತು. ಚಿಮಟ ಹಾಕಿದೆ. ಎಷ್ಟಕ್ಕೆ ತಿರುಗಿಸಿದೆನೋ ನೆನಪಿಲ್ಲ, ಯೋಚನೆ ಎಲ್ಲೋ ಇತ್ತು. ಸುಟ್ಟ ವಾಸನೆ ಬಂದಾಗಲೇ ಗಮನ ಇತ್ತ ಬಂತು. ಅಲೆಯ ಮುಂಭಾಗ ಒಲೆಗೆ ಬಿದ್ದ ಪ್ಲಾಸ್ಟಿಕ್ ಚೀಲದಂತೆ ಮುರುಟಿ, ಮುದ್ದೆಯಾಗಿ, ಚಿಮಟಕ್ಕೆ ಅಂಟಿಕೊಂಡಿತ್ತು. ಎಳೆದರೆ ಇನ್ನಷ್ಟು ಬಂತು.

ಅಳಿಯ ಬಂದದ್ದು ಆರಕ್ಕೆ. ಚೀಲ ಕೆಳಗಿಡಲಿಲ್ಲ. ನಿಂತು ನೋಡಿದ.

"ಇದನ್ನ ಯಾರು ಮುಟ್ಟಿದ್ದು?"

ಮನೆಯಲ್ಲಿ ಇನ್ನು ಯಾರಿದ್ದಾರೆ, ರುಂಡ ತಾನೇ ಇಸ್ತ್ರಿ ಮಾಡಿಕೊಳ್ಳುತ್ತದೆಯೇ. ಸ್ಲೇಟನ್ನು ನನ್ನ ತೊಡೆಯ ಮೇಲೆ ಹಾಕಿದ. "ಬರೀರಿ."

ಬರೆದೆ: ನಾನು.

"ಯಾಕೆ?" ಅಂದ. ಮುಖ ಕೆಂಪಾಗಿತ್ತು. "ಮುಟ್ಟಬೇಡಿ ಅಂದಿದ್ದೆ ಮಾವ. ಒಂದು ಸಲ ಹೇಳಿದ್ದೆ. ಮೆತ್ತಗೆ ಹೇಳಿದ್ರೆ ಕೇಳಿಸೋದೇ ಇಲ್ಲ ಅಲ್ವಾ ಈ ಮನೇಲಿ? ಕೂಗಿದ್ರೆ ಮಾತ್ರ ಕೇಳಿಸೋದು ಅಲ್ವಾ? ಸರಿ, ಕೂಗ್ತಿದ್ದೀನಿ, ಈಗ ಕೇಳಿಸ್ತಾ?"

ಕೇಳಿಸಿತು. ಎದುರು ಮನೆಯವರಿಗೂ ಕೇಳಿಸಿರಬೇಕು. ಮೂರು ವರ್ಷದಲ್ಲಿ ಮೊದಲ ಸಲ ಅವನ ದನಿ ಇಷ್ಟು ಎತ್ತರಕ್ಕೆ ಹೋಯಿತು. ಪರವಾಗಿಲ್ಲ, ಗಂಟಲಿದೆ.

ಸ್ಲೇಟನ್ನು ಒರೆಸಿ ಬರೆದೆ: ಆಸ್ಪತ್ರೆಯಿಂದ ಫೋನ್ ಬಂತು.

ಓದಿದ. ಎರಡು ಸಲ ಓದಿದ. ನನ್ನ ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋದ. ಗಾಜಿನ ಬಾಗಿಲ ಹಿಂದೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ನೋಡಿ ಏನೂ ತಿಳಿಯುವಂತಿರಲಿಲ್ಲ. ವಾಪಸು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ.

"ಗುರುವಾರ ಬೆಳಿಗ್ಗೆ ಬರೋಕೆ ಹೇಳಿದ್ರು. ಫೋನಲ್ಲಿ ಏನೂ ಹೇಳಲ್ವಂತೆ, ಎಲ್ಲರಿಗೂ ಹಾಗೇನಂತೆ. ನಾನೂ ಬರ್ತೀನಿ." ಸುಟ್ಟ ವಿಗ್ಗಿನ ಕಡೆ ಕೈ ತೋರಿಸಿ, "ಆದ್ರೆ ಅದು ಬೇರೆ, ಇದು ಬೇರೆ ಮಾವ. ಇದಕ್ಕೆ ನಂಗೆ ಇನ್ನೂ ಕೋಪ ಇದೆ. ಇವತ್ತು ಸೂಪು ನೀವೇ ಮಾಡ್ಕೊಳ್ಳಿ."

ಮಾಡಿದೆ, ಇಬ್ಬರಿಗೂ. ಉಪ್ಪು ಜಾಸ್ತಿಯಾಯಿತು. ಅಷ್ಟನ್ನೂ ಕುಡಿದ, ಬಟ್ಟಲನ್ನು ಮಾತ್ರ ಜೋರಾಗಿ ಇಟ್ಟ.

ಸೆಪ್ಟೆಂಬರ್ 17, ಬುಧವಾರ

ಬೆಳಿಗ್ಗೆ ಅವನು ಕಚೇರಿಗೆ ಹೊರಡುವ ಮುನ್ನ ರುಂಡವನ್ನು ತಿರುಗಿಸಿ ಹಿಂಭಾಗ ತೋರಿಸಿದೆ. ವಿಗ್ಗಿನ ಒಳಗೆ ಕೂದಲನ್ನು ಸಾಲುಸಾಲಾಗಿ ರಿಬ್ಬನ್ನಿಗೆ ಹೊಲಿದಿರುತ್ತಾರೆ. ಕುತ್ತಿಗೆಯ ಮೇಲ್ಭಾಗದಲ್ಲಿ ಇಂಥ ಸಾಲು ದಟ್ಟವಾಗಿವೆ, ಹೊರಗಿನಿಂದ ಕಾಣುವುದಿಲ್ಲ. ಸ್ಲೇಟಿನಲ್ಲಿ ಬರೆದೆ: ಇಲ್ಲಿಂದ ಬಿಚ್ಚಿ ಅಲ್ಲಿ ಹೊಲಿ.

"ಹೊಲಿಯೋರು ಯಾರು? ನನಗೆ ಗುಂಡಿ ಹಾಕೋಕೂ ಬರಲ್ಲ."

ಗೊತ್ತು. ನನ್ನ ಮಗಳು ಹಾಕುತ್ತಾಳೆ, ನೋಡಿದ್ದೇನೆ. ಗಾಡಿಯ ಸೀಟು ಕವರುಗಳನ್ನು ನಾನೇ ಹೊಲಿಯುತ್ತೇನೆ, ದಬ್ಬಳ ಹಿಡಿದ ಕೈ ಇದು. ಅವನು ಅನುಮಾನದಿಂದ ನೋಡಿದ. ಅನುಮಾನಪಡಲು ಅವನಿಗೆ ಹಕ್ಕಿತ್ತು, ಆದರೂ ಸಿಟ್ಟು ಬಂತು. ಕೊನೆಗೆ ಚಿಮಟವನ್ನು ತನ್ನ ಚೀಲದೊಳಗೆ ಹಾಕಿಕೊಂಡು ಕಚೇರಿಗೆ ಹೋದ. ನನ್ನನ್ನೇನು ಎರಡು ವರ್ಷದ ಕೂಸು ಅಂದುಕೊಂಡಿದ್ದಾನೋ.

ಸುಟ್ಟ ಭಾಗ ಕತ್ತರಿಸಿ ತೆಗೆದೆ. ಆರು ಸಾಲು ಬಿಚ್ಚಿದೆ, ಹೊಲಿದೆ. ಎರಡು ಸಾಲು ಸೊಟ್ಟಗೆ ಬಂದವು, ಬಿಚ್ಚಿ ಮತ್ತೆ ಹೊಲಿದೆ. ಊಟ ಮರೆತೆ. ನಾಳೆಯ ಯೋಚನೆ ಸಂಜೆಯವರೆಗೂ ಬರಲಿಲ್ಲ.

ಅವನು ಬಂದವನೇ ಹೊಲಿಗೆಯ ಮೇಲೆ ಬೆರಳಾಡಿಸಿದ. "ಗಟ್ಟಿ ಇದೆ" ಅಂದ, ಅಷ್ಟೇ. ಸೀಟು ಕವರಿನ ಹೊಲಿಗೆ ಗಟ್ಟಿಯಿರದೆ ಇನ್ನೇನಿರುತ್ತದೆ. ಊಟವಾದ ಮೇಲೆ ಹೊಸ ಸಾಲುಗಳಿಗೆ ಬಿಸಿಗಾಳಿ. ಅವನು ಊದಿದ, ನಾನು ಹಿಡಿದೆ.

ಸೆಪ್ಟೆಂಬರ್ 18, ಗುರುವಾರ

ಡಾಕ್ಟರಮ್ಮ ಕಾಗದ ನೋಡುತ್ತ ಮೊದಲು ಅದನ್ನೇ ಹೇಳಿದಳು: "ಕ್ಯಾನ್ಸರ್ ಅಲ್ಲ."

ಆಮೇಲೆ ಆದರೆ. ಆದರೆ ಇಲ್ಲದೆ ಈ ಜನಕ್ಕೆ ಮಾತೇ ಮುಗಿಯುವುದಿಲ್ಲ. ಗಂಟಿನಲ್ಲಿ ಒಂದಿಷ್ಟು ಜೀವಕೋಶಗಳು ದಾರಿ ತಪ್ಪುತ್ತಿದ್ದವಂತೆ, ಪೂರ್ತಿ ತಪ್ಪಿರಲಿಲ್ಲವಂತೆ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಕೂಗುವುದು ಈ ಜನ್ಮಕ್ಕೆ ಮುಗಿಯಿತು. "ಮತ್ತೆ ಕೂಗಾಡಿ ಗಂಟು ಬರಿಸಿಕೊಂಡ್ರೆ, ಆಗಲೂ ಇಷ್ಟು ಒಳ್ಳೆ ಸುದ್ದಿ ಹೇಳ್ತೀನಿ ಅಂತ ಮಾತು ಕೊಡೋಕಾಗಲ್ಲ" ಎಂದಳು. ಭಾನುವಾರದವರೆಗೆ ಮೌನ ಮುಂದುವರಿಯಬೇಕು. ಭಾನುವಾರದಿಂದ ದಿನಕ್ಕೆ ಐದು ನಿಮಿಷ ಮಾತು, ಅದೂ ಮೆಲ್ಲಗೆ. ನೀರಿನಂತೆ ಮಾತಿಗೂ ಪಡಿತರ.

ಅಳಿಯ ಕೇಳಿದ ಪ್ರಶ್ನೆಗಳು ಒಂದೇ ಎರಡೇ. ಖಾರ ತಿನ್ನಬಹುದೇ, ಧೂಳು ಆಗುತ್ತದೆಯೇ, ಸ್ಪ್ರೇ ವಾಸನೆಯಿಂದ ತೊಂದರೆ ಆಗಿರಬಹುದೇ, ದಿಂಬು ಎಷ್ಟು ಎತ್ತರ ಇರಬೇಕು. ಹಿಂದೆ ಕಾಯುತ್ತಿದ್ದ ರೋಗಿಗಳು ಬಾಗಿಲಿನಿಂದ ಇಣುಕಿದರು. ನನಗೇ ನಾಚಿಕೆಯಾಯಿತು.

ಲಿಫ್ಟಿನಲ್ಲಿ ಅವನು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡ. ಒರೆಸಿದ, ಒರೆಸಿದ, ನಾಲ್ಕು ಮಹಡಿ ಇಳಿಯುವವರೆಗೂ ಒರೆಸಿದ. ಕನ್ನಡಕವನ್ನು ಅಷ್ಟು ಕೊಳೆ ಮಾಡಿಕೊಳ್ಳುತ್ತಾನೆ.

ಸೆಪ್ಟೆಂಬರ್ 19, ಶುಕ್ರವಾರ

ಮಗಳು ಫೋನ್ ಮಾಡಿ ಸ್ಪೀಕರ್ ಹಾಕಿಸಿದಳು. ಸ್ವಲ್ಪ ಹೊತ್ತು ಅತ್ತಳು. ಅವಳಮ್ಮನೂ ಹೀಗೇ, ಒಳ್ಳೆಯ ಸುದ್ದಿಗೇ ಅಳುತ್ತಿದ್ದಳು. "ಅಪ್ಪ, ಭಾನುವಾರದ ಐದು ನಿಮಿಷ ನನ್ನದು. ಯಾರಿಗೂ ಕೊಡಬೇಡ. ರಾತ್ರಿ ಮಾಡ್ತೀನಿ" ಎಂದಳು. ಫೋನಿನ ಮೇಲೆ ಎರಡು ಸಲ ಕುಟ್ಟಿದೆ, ಸರಿ ಎಂದು.

ಟ್ಯಾಕ್ಸಿಯವನು ಬಂದು ಮುಂದಿನ ತಿಂಗಳಿಂದ ಪಾಠ ಹೇಗೆ ಎಂದು ಕೇಳಿದ. ಕೂಗದೆ ಡ್ರೈವಿಂಗ್ ಕಲಿಸುವುದೆಂದರೆ ಉಪ್ಪಿಲ್ಲದ ಅಡುಗೆ. ಆದರೂ ಸ್ಲೇಟಿನಲ್ಲಿ ಬರೆದೆ: ಹೆದರುವವರನ್ನು ನೀನು ಇಟ್ಟುಕೋ, ಸೊಕ್ಕಿನವರನ್ನು ನನಗೆ ಕಳಿಸು.

ಅಲೆಯ ಬಲಗಡೆ ಇನ್ನೂ ಒಂದು ಪಟ್ಟಿ ಮೆತ್ತಗಿದೆ. ಅಳಿಯ ಚೆನ್ನಾಗಿದೆ ಎನ್ನುತ್ತಾನೆ. ಅವನಿಗೆ ಕಣ್ಣು ಕಾಣುವುದಿಲ್ಲ. ನಾಳೆ ನಾನೇ ನೋಡುತ್ತೇನೆ.

ಸೆಪ್ಟೆಂಬರ್ 21, ಭಾನುವಾರ

ಬಸ್ಸಿನಲ್ಲಿ ಹೋಗುತ್ತೇನೆ ಎಂದ. ವಿಗ್ಗಿಟ್ಟ ಅಷ್ಟು ದೊಡ್ಡ ಡಬ್ಬ ಹಿಡಿದು, ಭಾನುವಾರದ ಬಸ್ಸಿನಲ್ಲಿ. ಬುದ್ಧಿ ಎಲ್ಲಿಟ್ಟಿದ್ದಾನೋ. ಗಾಡಿ ತೆಗೆದೆ. ಡಬ್ಬಕ್ಕೆ ಸೀಟ್ ಬೆಲ್ಟ್ ಹಾಕಿ ಮುಂದೆ ಕೂರಿಸಿದೆ, ಅವನು ಹಿಂದೆ ಕೂತ. ಹೊಂಡ ಬಂದಲ್ಲೆಲ್ಲ ನಡೆದುಹೋಗುವವರು ನಮ್ಮನ್ನು ದಾಟಿದರು.

ಸಭಾಂಗಣದಲ್ಲಿ ಕಂಡದ್ದನ್ನು ಬರೆದರೆ ಡೈರಿಗೇ ಹುಚ್ಚು ಹಿಡಿಯುತ್ತದೆ. ಬಾಲ ಇರುವವರು, ಕೊಂಬು ಇರುವವರು, ತಮ್ಮ ಎರಡರಷ್ಟು ಉದ್ದದ ಕತ್ತಿ ಹೊತ್ತು ಬಾಗಿಲಲ್ಲಿ ಸಿಕ್ಕಿಕೊಂಡವರು. ಒಬ್ಬಳು ರೆಕ್ಕೆಗೆ ಬ್ಯಾಟರಿ ಹಾಕಿಸಿಕೊಂಡು ಬಂದಿದ್ದಳು. ಆಮೇಲೆ ಮೊದಲ ಬಹುಮಾನ ಆ ಬ್ಯಾಟರಿಗೇ ಹೋಯಿತು.

ವಿಗ್ಗು ತೊಡಿಸಲು ನಾನೇ ಬೇಕಾಯಿತು. ಮೊದಲು ತಲೆಗೆ ತೆಳ್ಳನೆಯ ಟೋಪಿ ಹಾಕಿ ಪಿನ್ನು ಚುಚ್ಚಬೇಕು, ಅವನು ಎರಡು ಪಿನ್ನು ಬೀಳಿಸಿದ. ಚುಚ್ಚಿದೆ. ಮೇಲೆ ವಿಗ್ಗು ಕೂರಿಸಿ ಹಣೆಯ ಅಂಚು ಒತ್ತಿದೆ. ಕನ್ನಡಿ ನೋಡಿಕೊಂಡ. ಬೆನ್ನು ನೆಟ್ಟಗಾಯಿತು. ಹೊಟ್ಟೆ ಹೋಗಲಿಲ್ಲ, ಆದರೆ ಸೇನಾಪತಿಗಳಿಗೂ ಹೊಟ್ಟೆ ಇರಬಹುದು, ಯುದ್ಧ ಗೆದ್ದ ಮೇಲೆ ಊಟ ಮಾಡುವುದಿಲ್ಲವೇ.

ನಾನು ಹೋಗಿ ಐದನೇ ಸಾಲಿನಲ್ಲಿ ಕೂತೆ. ಅವನು ವೇದಿಕೆಗೆ ಬಂದು ನಡೆದ. ಮೇಲಿನ ದೀಪ ಅಲೆಯ ಮೇಲೆ ಬಿತ್ತು. ಹೊಲಿದ ಜಾಗ ನನಗೇ ಗುರುತು ಸಿಗಲಿಲ್ಲ.

ಪಕ್ಕದಲ್ಲಿ ಒಬ್ಬ ಇದ್ದ. ಗಡ್ಡ ಬಿಟ್ಟ ಹುಡುಗ, ಕೈಯಲ್ಲಿ ಫೋನು, ಬಾಯಲ್ಲಿ ಚ್ಯೂಯಿಂಗ್ ಗಮ್ಮು. ತನ್ನ ಗೆಳೆಯನಿಗೆ ಹೇಳಿದ: "ಈ ಅಂಕಲ್ ನೋಡೋ. ವಿಗ್ಗು ಬಾಡಿಗೆಗೆ ತಂದು ಹಾಕ್ಕೊಂಡು ಬಂದಿದ್ದಾನೆ. ತಲೆ ಮೇಲೆ ಇಟ್ಕೊಂಡ್ರೆ ಆಯ್ತಾ?"

"ಬಾಡಿಗೇದಲ್ಲ ಅದು."

ಯಾರು ಮಾತಾಡಿದರೆಂದು ನಾನೇ ತಿರುಗಿ ನೋಡಿದೆ. ತಗಡನ್ನು ನೆಲದ ಮೇಲೆ ಎಳೆದ ಹಾಗಿತ್ತು ದನಿ. ನನ್ನದೇ. ಹುಡುಗನ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಮನೇಲಿ ಮಾಡಿದ್ದು. ಒಂದೊಂದು ಪಟ್ಟಿ ಆರೋ ತನಕ ಕೈಲಿ ಹಿಡಿದು ನಿಲ್ಸಿದ್ದು. ನೀನು ಹಿಡೀತೀಯಾ? ಆ ಫೋನನ್ನೇ ನೆಟ್ಟಗೆ ಹಿಡಿಯೋಕೆ ಬರಲ್ಲ ನಿಂಗೆ. ಮುಂದಿನ ಭಾಗ ಸುಟ್ಟು ಹೋಗಿತ್ತು. ಐದು ದಿನದ ಹಿಂದೆ. ಬೇರೆಯವರಾಗಿದ್ರೆ ಬಿಟ್ಟು ಮಲಗ್ತಿದ್ರು. ಇವನು ಬಿಡ್ಲಿಲ್ಲ. ದಿನವಿಡೀ ಕಿಂಡಿ ಹಿಂದೆ ಕೂತು ಊರವರ ಬೈಗುಳ ತಿಂದು, ಸಂಜೆ ಬಂದು ಇದನ್ನ ಮಾಡ್ದ, ಮಧ್ಯೆ ಒಬ್ಬ ಮುದುಕನಿಗೆ ಸೂಪು ಬೇರೆ. ನಗೋಕೆ ಮುಂಚೆ ಕೆಲಸ ನೋಡೋದು ಕಲಿ. ಹಣೆ ಹತ್ರ ನೋಡು, ಅಲ್ಲಿ ಹೊಲಿಗೆ ಕಾಣುತ್ತಾ? ನೋಡು ಅಂದ್ರೆ ನೋಡಬೇಕು. ಅದನ್ನ ಸೂಜಿ..."

ಅಲ್ಲಿಗೆ ನಿಂತಿತು. ಪೆಟ್ರೋಲ್ ಮುಗಿದ ಹಾಗೆ, ಎರಡು ಸಲ ಕೆರೆದು ನಿಂತೇಹೋಯಿತು. ಐದು ನಿಮಿಷ ಆಗಿತ್ತೋ, ಆರೋ. ಒಂದು ಮಾತು ಮಾತ್ರ ಖಂಡಿತ, ಕೂಗಲಿಲ್ಲ. ಕೂಗದೆಯೂ ಜನ ಕೇಳುತ್ತಾರೆ ಎಂದಾಯಿತು. ಹುಡುಗ ಫೋನು ಕೆಳಗಿಟ್ಟಿದ್ದ. "ಸಾರಿ ಅಂಕಲ್. ನಿಮ್ಮ ಮಗನಾ?" ಅಂದ.

ಅಳಿಯ ಎಂದು ತಿದ್ದಲು ದನಿ ಇರಲಿಲ್ಲ. ತಲೆ ಆಡಿಸಿದೆ. ಹೇಗೆ ಆಡಿಸಿದೆನೋ, ಅವನು ಹೌದೆಂದು ತಿಳಿದ.

ನಮ್ಮವನಿಗೆ ಬಹುಮಾನ ಬರಲಿಲ್ಲ. ಹೊರಗೆ ಏಳೆಂಟು ಮಕ್ಕಳು ಸುತ್ತುವರಿದು ಫೋಟೋ ತೆಗೆಸಿಕೊಂಡರು. ಎಷ್ಟು ಯುದ್ಧ ಗೆದ್ದಿರಿ ಎಂದು ಯಾರೋ ಕೇಳಿದರು. ಈ ಸಲ "ಐದಾರು" ಅಂದ. ದುರಹಂಕಾರ ಎಷ್ಟು ಬೇಗ ತಲೆಗೇರುತ್ತದೆ ನೋಡಿ.

ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಮಗಳ ಫೋನ್ ಬಂತು. ಅಳಿಯ ಸ್ಪೀಕರ್ ಹಾಕಿದ. "ಅಪ್ಪ, ಮಾತಾಡು. ಕಾಯ್ತಿದ್ದೀನಿ." ಬಾಯಿ ತೆರೆದೆ. ಬರೀ ಗಾಳಿ ಬಂತು.

ಅಳಿಯ ನನ್ನ ಮುಖ ನೋಡಿದ. "ಐದು ನಿಮಿಷ ಖಾಲಿ ಆಗಿರೋ ಹಾಗಿದೆ ಕಣೇ."

"ಖಾಲಿನಾ? ಯಾರಿಗೆ ಕೊಟ್ರು? ಕೇಳಿ ಅವರನ್ನ."

ಅವನು ವೇದಿಕೆಯ ಮೇಲಿದ್ದ, ಅವನಿಗೇನು ಗೊತ್ತು. ಸ್ಲೇಟು ಕೊಟ್ಟ. ಬರೆದೆ: ಪಾರ್ಕಿಂಗಿನವನ ಜೊತೆ ಜಗಳ.

ಅವನು ಜೋರಾಗಿ ಓದಿದ. ಆ ಕಡೆಯಿಂದ ಮಗಳು ಬಯ್ದಳು, ಚೆನ್ನಾಗಿಯೇ ಬಯ್ದಳು, ನನ್ನ ಮಗಳಲ್ಲವೇ. ಈ ಮನುಷ್ಯ ಬದಲಾಗುವುದಿಲ್ಲ, ಮೂರು ದಿನದ ಹಿಂದೆ ಡಾಕ್ಟರು ಹೇಳಿದ್ದು ಕಿವಿಗೆ ಹೋಗಿಲ್ಲ ಎಂದಳು. "ನಾನೂ ಹಾಗೇ ಅಂದ್ಕೊಂಡೆ" ಎಂದ ಅಳಿಯ. ಅಂದುಕೊಳ್ಳಲಿ.

ಫೋನ್ ಇಟ್ಟು ಸೂಪಿಗೆ ಕೂತ. ತಲೆಯಲ್ಲಿ ಇನ್ನೂ ಮೂರು ಪಿನ್ನು ಉಳಿದಿದ್ದವು, ಹಾಗೇ ಬಿಟ್ಟುಕೊಂಡು ಉಣ್ಣುತ್ತಿದ್ದ. ಎದ್ದು ಹೋಗಿ ಅವನ ಹಿಂದೆ ನಿಂತು ಒಂದೊಂದಾಗಿ ತೆಗೆದೆ. ಹೇಳಿದರೆ ತೆಗೆದುಕೊಳ್ಳುವಷ್ಟು ಬುದ್ಧಿ ಅವನಿಗೆಲ್ಲಿದೆ, ಹೇಳಲು ನನಗೆ ದನಿಯೆಲ್ಲಿದೆ. ಅವನು ತಲೆ ಅಲುಗಿಸದೆ, ಚಮಚ ಹಿಡಿದುಕೊಂಡು, ಮೂರೂ ಬರುವ ತನಕ ಸುಮ್ಮನೆ ಕೂತಿದ್ದ.